ಮನೆಯ ಗಣಕಯಂತ್ರವೂ ಅನ್ಯರ ಪ್ರವೇಶವೂ

ಪೂರ್ವವಿದ್ಯಾರ್ಥಿನಿಯರಿಗೂ ಪೋಷಕರಿಗೂ ಒಂದು ಪಾಠ

ಮನೆಯನ್ನು ಕಟ್ಟಿಸುವವರು ಬಾಗಿಲಿಗೆ ಅಗುಳಿಯನ್ನೂ ಕಿಟಕಿಗೆ ಸರಳುಗಳನ್ನೂ ಇಡಿಸುವರು. ರಾತ್ರಿ ಮಲಗುವುದಕ್ಕೆ ಮುಂಚೆ ಮನೆಯ ಯಜಮಾನಿಯು ಹಿತ್ತಲ ಬಾಗಿಲನ್ನು ಒಂದು ಸಾರಿ ನೋಡಿ ಬರುವಳು. ಇದನ್ನು ಆಕೆಗೆ ಯಾವ ಶಾಲೆಯೂ ಕಲಿಸಲಿಲ್ಲ. ಆದರೆ ಈಗ್ಗೆ ಇಪ್ಪತ್ತು ವರ್ಷಗಳಿಂದೀಚೆಗೆ ನಮ್ಮ ಮನೆಗಳಿಗೆ ಇನ್ನೊಂದು ಬಾಗಿಲು ಕೂಡಿಕೊಂಡಿದೆ. ಅದು ಕಂಪ್ಯೂಟರು ಎಂದು ಎಲ್ಲರೂ ಕರೆಯುವ ಗಣಕಯಂತ್ರದ ಮೂಲಕವಾಗಿ ಹೊರಗಿನ ಲೋಕಕ್ಕೆ ತೆರೆದಿರುವ ಬಾಗಿಲು. ಅದಕ್ಕೆ ಅಗುಳಿಯುಂಟೋ ಇಲ್ಲವೋ ಎಂದು ವಿಚಾರಿಸಿದವರು ಕಡಮೆ.

ಇದು ಬೆಂಗಳೂರಿನಂಥ ಪಟ್ಟಣದವರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ನಮ್ಮ ಸೀಮೆಯವರು ಎಣಿಸಬಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣದಲ್ಲಿಯೂ ಈ ಯಂತ್ರವು ಮನೆಮನೆಯ ಸಾಮಾನಾಗಿದೆ. ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ, ಬ್ಯಾಂಕಿನ ಲೆಕ್ಕ, ಮದುವೆಯ ಚಿತ್ರಗಳು ಇವೆಲ್ಲವೂ ಅದರಲ್ಲಿವೆ. ರುದ್ರಪಟ್ಟಣವು ಸಂಗೀತಗಾರರ ಊರೆಂದು ಪ್ರಸಿದ್ಧವಾದುದು, ವಿದ್ವಾನ್ ಆರ್. ಕೆ. ಶ್ರೀಕಂಠನ್‌ರವರು 1920ರಲ್ಲಿ ಜನಿಸಿದ್ದು ಅಲ್ಲಿಯೇ. ಅಂಥ ಊರಿನ ಮನೆಯೊಂದರ ಯಂತ್ರದಲ್ಲಿ, ತೀರಿಹೋದ ಅಜ್ಜನ ಹಾಡುಗಾರಿಕೆಯ ಧ್ವನಿಮುದ್ರಿಕೆಯಿರುವುದು ಆಶ್ಚರ್ಯವಲ್ಲ. ಹಣವು ಹೋದರೆ ಮತ್ತೆ ಸಂಪಾದಿಸಬಹುದು. ಆ ಧ್ವನಿಯು ಹೋದರೆ ಮತ್ತೆ ದೊರೆಯುವುದೇ? ಇದಲ್ಲದೆ, ನಮ್ಮಲ್ಲಿ ಓದಿದ ಹೆಣ್ಣುಮಕ್ಕಳು ಅನೇಕರು ದೂರದೂರುಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿದ್ದಾರೆ. ಊರಿನಲ್ಲಿ ತಾಯ್ತಂದೆಗಳಿಬ್ಬರೇ ಯಂತ್ರದೆದುರಿಗೆ ಕುಳಿತು ಮಗಳ ಮುಖವನ್ನು ನೋಡುವರು. ಆ ವೃದ್ಧರ ಕೈಯಲ್ಲಿರುವ ಬಾಗಿಲಿನ ಬೀಗವನ್ನು ಕುರಿತು ಯೋಚಿಸುವುದು ಮಕ್ಕಳ ಕರ್ತವ್ಯವೆಂದು ತಿಳಿದು ಈ ಪಾಠವನ್ನು ಬರೆದಿದ್ದೇವೆ.

1. ಹ್ಯಾಕಿಂಗ್ ಎಂಬ ಶಬ್ದದ ಅರ್ಥ

ಹ್ಯಾಕರ್ ಎಂಬ ಶಬ್ದವು ಮೊದಲಿಗೆ ನಿಂದಾಸೂಚಕವಾಗಿರಲಿಲ್ಲ. ಅಮೆರಿಕಾ ದೇಶದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ, ಆಟಿಕೆಯ ರೈಲುಗಳನ್ನು ನಡೆಸುವ ವಿದ್ಯಾರ್ಥಿಗಳ ಸಂಘವೊಂದಿದ್ದಿತು. ಯಂತ್ರವೊಂದನ್ನು ಬಿಚ್ಚಿ, ಅದರ ಮರ್ಮವನ್ನು ಕಂಡುಹಿಡಿದು, ಚಮತ್ಕಾರವಾಗಿ ಕೆಲಸ ಮಾಡಿಸುವವರನ್ನು ಆ ಹುಡುಗರು ಈ ಹೆಸರಿನಿಂದ ಕರೆಯುತ್ತಿದ್ದರು. ಕಾಲಕ್ರಮದಲ್ಲಿ, ಅಪ್ಪಣೆಯಿಲ್ಲದೆ ಪರರ ಗಣಕಯಂತ್ರವನ್ನು ಹೊಗುವವನಿಗೂ ಅದೇ ಹೆಸರು ಬಂದಿತು.

ಆದ್ದರಿಂದ ಹೀಗೆ ವಿಂಗಡಿಸಿಕೊಳ್ಳಬೇಕು: ಯಂತ್ರದ ಮರ್ಮವನ್ನು ಅರಿಯುವುದು ವಿದ್ಯೆ, ಒಡೆಯನ ಅಪ್ಪಣೆಯಿಲ್ಲದೆ ಒಳಹೊಗುವುದು ಅಪರಾಧ. ಬೀಗ ಮಾಡುವವನಿಗೂ ಕನ್ನ ಹಾಕುವವನಿಗೂ ಬೀಗದ ವಿಷಯ ತಿಳಿದೇ ಇರುವುದು. ಕಂಪನಿಗಳು ತಾವಾಗಿಯೇ ಸಂಬಳ ಕೊಟ್ಟು, ತಮ್ಮ ಯಂತ್ರಗಳಲ್ಲಿ ಎಲ್ಲಿ ಬಿರುಕುಂಟೆಂದು ಹುಡುಕಿಸುವ ಉದ್ಯೋಗವೂ ಇಂದು ಗೌರವದ ಉದ್ಯೋಗವಾಗಿದೆ.

2. ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ

ಲೆಕ್ಕವನ್ನು ಸರಿಯಾಗಿಡುವುದರ ಬೆಲೆಯನ್ನು ತೋರಿಸುವ ಒಂದು ನಿಜವಾದ ವೃತ್ತಾಂತವನ್ನು ಇಲ್ಲಿ ಹೇಳಬಹುದು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಯಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಶಾಸ್ತ್ರಜ್ಞರು ಗಣಕಯಂತ್ರಗಳ ಮೇಲ್ವಿಚಾರಣೆಗೆ ನೇಮಕವಾದರು. ಯಂತ್ರವನ್ನು ಬಳಸಿದವರಿಂದ ವಸೂಲು ಮಾಡತಕ್ಕ ಹಣದ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸವು ಕಂಡುಬಂದಿತು. ಇಷ್ಟು ಸಣ್ಣ ಮೊತ್ತವನ್ನು ಬಿಟ್ಟುಬಿಡಬಹುದಾಗಿತ್ತು. ಅವರು ಬಿಡಲಿಲ್ಲ. ಹುಡುಕುತ್ತ ಹೋದಾಗ, ಯಾರೋ ಅಪರಿಚಿತನು ಯಂತ್ರವನ್ನು ಹೊಕ್ಕು ಕೆಲವು ಕ್ಷಣಗಳ ಕಾಲ ಬಳಸಿ, ಬಾಡಿಗೆ ಕೊಡದೆ ಹೋಗಿದ್ದನೆಂದು ತಿಳಿಯಿತು.

ತಿಂಗಳುಗಟ್ಟಲೆ ಹೊಂಚು ಹಾಕಿದ ಮೇಲೆ, ಆ ಅಪರಿಚಿತನು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿರುವನೆಂದೂ, ಅಮೆರಿಕಾದ ಸೈನ್ಯಕ್ಕೆ ಸಂಬಂಧಿಸಿದ ಯಂತ್ರಗಳನ್ನು ಹುಡುಕಿ ಹೊಕ್ಕು, ಸಿಕ್ಕಿದ ವಿಷಯಗಳನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಗುಂಪಿನವನೆಂದೂ ಗೊತ್ತಾಯಿತು. ಆತನು ಅಸಾಧ್ಯ ಬುದ್ಧಿವಂತನಾಗಿದ್ದುದರಿಂದ ಇದನ್ನು ಸಾಧಿಸಲಿಲ್ಲ. ಯಂತ್ರವನ್ನು ಮಾಡಿದವರು ಕೊಟ್ಟ ಮೊದಲ ಗುಪ್ತಪದವನ್ನೇ ಬದಲಾಯಿಸದೆ ಬಿಟ್ಟವರ ಬಾಗಿಲುಗಳನ್ನು ಅವನು ತಾಳ್ಮೆಯಿಂದ ಒಂದೊಂದಾಗಿ ತಟ್ಟಿ ನೋಡಿದನು, ಕೆಲವು ತೆರೆದವು.

ಸ್ಟೋಲ್‌ರವರು 1989ರಲ್ಲಿ ಈ ವೃತ್ತಾಂತವನ್ನು ಪುಸ್ತಕವಾಗಿ ಬರೆದು, ಅದಕ್ಕೆ ಕೋಗಿಲೆಯ ಮೊಟ್ಟೆ ಎಂಬರ್ಥದ ಹೆಸರನ್ನಿಟ್ಟರು. ಈ ಹೋಲಿಕೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಕೋಗಿಲೆಗೆ ನಮ್ಮ ಪೂರ್ವಿಕರು ಪರಭೃತವೆಂದು, ಎಂದರೆ ಪರರಿಂದ ಪೋಷಿಸಲ್ಪಟ್ಟದ್ದೆಂದು, ಹೆಸರಿಟ್ಟಿದ್ದಾರೆ. ಕಾಗೆಯು ತನ್ನದೆಂದೇ ತಿಳಿದು ಅನ್ಯರ ಮೊಟ್ಟೆಗೆ ಕಾವು ಕೊಡುವಂತೆ, ಗಣಕಯಂತ್ರವೂ ಕಳ್ಳನಿಟ್ಟ ಕಾರ್ಯಕ್ರಮವನ್ನು ತನ್ನದೆಂದೇ ತಿಳಿದು ನಡೆಸುವುದು. ಇಂಥ ಕೆಟ್ಟ ಕಾರ್ಯಕ್ರಮಕ್ಕೆ ಮಾಲ್‌ವೇರ್ ಎಂದು ಹೆಸರು. ಜನರು ಅದನ್ನು ಒಟ್ಟಾಗಿ ವೈರಸ್ ಎನ್ನುವರು.

3. ನಮ್ಮ ನಾಡಿನಲ್ಲಿಯೇ ನಡೆದ ಸಂಗತಿ

“ನಮ್ಮ ಮನೆಯಲ್ಲಿ ಕದಿಯುವುದಕ್ಕೆ ಏನಿದೆ? ನಮ್ಮ ಯಂತ್ರವನ್ನು ಯಾರು ಹೊಕ್ಕಾರು?” ಎಂದು ಅನೇಕರು ಕೇಳುವರು. ಈ ಪ್ರಶ್ನೆಗೆ ಉತ್ತರವು 2017ರ ಜುಲೈ ತಿಂಗಳ ಕೊನೆಯಲ್ಲಿ ಕರ್ನಾಟಕಕ್ಕೇ ದೊರೆಯಿತು. ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಪಡೆದಿದ್ದ ಅನೇಕ ಮನೆಗಳಲ್ಲಿ ಒಮ್ಮೆಲೇ ಅಂತರ್ಜಾಲವು ನಿಂತುಹೋಯಿತು. ದೂರವಾಣಿಯ ತಂತಿಗೂ ಗಣಕಯಂತ್ರಕ್ಕೂ ನಡುವೆ ಇರುವ ಮೋಡೆಮ್ ಎಂಬ ಪೆಟ್ಟಿಗೆಯನ್ನು ಒಂದು ಮಾಲ್‌ವೇರು ಕೆಡಿಸಿದ್ದಿತು. ಕೆಟ್ಟ ಪೆಟ್ಟಿಗೆಗಳು ಯಾವುವೆಂದರೆ, ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದವುಗಳು. ಗುಪ್ತಪದವನ್ನು ಬದಲಾಯಿಸಿರೆಂದು ನಿಗಮವು ಗ್ರಾಹಕರಿಗೆ ತಿಳುವಳಿಕೆ ಕೊಡಬೇಕಾಯಿತು.

ಇದಕ್ಕೆ ಹಿಂದಿನ ವರ್ಷ, ಎಂದರೆ 2016ರಲ್ಲಿ, ಮಿರಾಯಿ ಎಂಬ ಮಾಲ್‌ವೇರು ಇದೇ ಉಪಾಯದಿಂದ ಲೋಕದಾದ್ಯಂತ ಮನೆಗಳ ಮೋಡೆಮುಗಳನ್ನೂ ಕಾವಲು ಕ್ಯಾಮೆರಾಗಳನ್ನೂ ವಶಪಡಿಸಿಕೊಂಡಿತು. ಅದರ ಬತ್ತಳಿಕೆಯಲ್ಲಿದ್ದದ್ದು ಕಾರ್ಖಾನೆಯವರು ಕೊಡುವ ಸುಮಾರು 60 ಹೆಸರು ಮತ್ತು ಗುಪ್ತಪದಗಳ ಒಂದು ಪಟ್ಟಿ ಮಾತ್ರವೇ. ಹೀಗೆ ಸೇರಿಸಿದ ಯಂತ್ರಗಳ ಸೈನ್ಯದಿಂದ ಅಕ್ಟೋಬರ್ 21ರಂದು ಡಿನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದು, ಅಮೆರಿಕಾದ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಳ ಕಾಲ ದೊರೆಯದಂತಾದವು. ಆ ಕ್ಯಾಮೆರಾಗಳ ಒಡೆಯರಿಗೆ ಇದರ ಸುಳಿವೇ ಇರಲಿಲ್ಲ.

ಇದರಿಂದ ತಿಳಿಯತಕ್ಕದ್ದೇನೆಂದರೆ: ಕಳ್ಳನು ನಮ್ಮ ಹೆಸರನ್ನು ಕೇಳಿ ನಮ್ಮ ಮನೆಗೆ ಬರುವುದಿಲ್ಲ. ಅವನ ಯಂತ್ರವು ಹಗಲಿರುಳೂ ಲಕ್ಷಾಂತರ ಬಾಗಿಲುಗಳನ್ನು ತಟ್ಟುತ್ತಿರುವುದು. ತೆರೆದ ಬಾಗಿಲು ಯಾರದಾದರೂ ಅವನಿಗೆ ಒಂದೇ. ನಮ್ಮಲ್ಲಿ ಕದಿಯುವುದಕ್ಕೆ ಏನೂ ಇಲ್ಲದಿದ್ದರೂ, ನಮ್ಮ ಮನೆಯಲ್ಲಿ ಅಡಗಿಕೊಂಡು ಇನ್ನೊಬ್ಬರ ಮನೆಗೆ ಕಲ್ಲೆಸೆಯುವುದಕ್ಕೆ ಅವನಿಗೆ ಆ ಮನೆಯು ಬೇಕಾಗಿದೆ.

4. ಒಳಗೆ ಬರುವ ನಾಲ್ಕು ದಾರಿಗಳು

ಮೊದಲನೆಯದು, ದುರ್ಬಲವಾದ ಗುಪ್ತಪದದ ದಾರಿ. ಇದನ್ನು ಮೇಲೆ ಕಂಡೆವು. ಇದರ ಇನ್ನೊಂದು ಮುಖವೇನೆಂದರೆ, ಒಂದೇ ಗುಪ್ತಪದವನ್ನು ಹತ್ತು ಕಡೆ ಬಳಸುವ ಅಭ್ಯಾಸ. 2020ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ನೆಲೆಯುಳ್ಳ ಬಿಗ್‌ಬ್ಯಾಸ್ಕೆಟ್ ಎಂಬ ದಿನಸಿಯ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಕಳವಾದುವೆಂದು ಪತ್ರಿಕೆಗಳಲ್ಲಿ ಬಂದಿತು. ಇಂಥ ಕಳವಿನಲ್ಲಿ ಸಿಕ್ಕಿದ ಹೆಸರು, ಗುಪ್ತಪದಗಳನ್ನು ಕಳ್ಳರು ಇತರ ಎಲ್ಲ ಬಾಗಿಲುಗಳಲ್ಲಿಯೂ ಪ್ರಯೋಗಿಸಿ ನೋಡುವರು. ಅಕ್ಕಿಬೇಳೆಯ ಅಂಗಡಿಗೆ ಕೊಟ್ಟ ಗುಪ್ತಪದವನ್ನೇ ಬ್ಯಾಂಕಿಗೂ ಇಟ್ಟುಕೊಂಡವರ ಗತಿಯೇನೆಂದು ಹೇಳಬೇಕಾಗಿಲ್ಲ.

ಎರಡನೆಯದು, ಯಂತ್ರದೊಳಗಿನ ಬಿರುಕಿನ ದಾರಿ. ಯಂತ್ರವನ್ನು ನಡೆಸುವ ಕಾರ್ಯಕ್ರಮಗಳನ್ನು ಬರೆದವರು ಮನುಷ್ಯರು; ಆದ್ದರಿಂದ ಅವುಗಳಲ್ಲಿ ದೋಷಗಳಿರುವುವು. ದೋಷವು ಕಂಡುಬಂದಾಗ ಕಂಪನಿಯವರು ಅಪ್‌ಡೇಟ್ ಎಂಬ ತೇಪೆಯನ್ನು ಕಳುಹಿಸುವರು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ಇಂಥ ಒಂದು ತೇಪೆಯನ್ನು ಕಳುಹಿಸಿತು. ಅದನ್ನು ಹಾಕಿಕೊಳ್ಳದೆ ಇದ್ದ ಯಂತ್ರಗಳನ್ನು ಎರಡು ತಿಂಗಳ ತರುವಾಯ, ಮೇ 12ರಂದು, ವಾನಾಕ್ರೈ ಎಂಬ ಮಾಲ್‌ವೇರು ಹೊಕ್ಕಿತು. ಅದು 150 ದೇಶಗಳಲ್ಲಿ 2 ಲಕ್ಷಕ್ಕೂ ಮಿಕ್ಕ ಯಂತ್ರಗಳಲ್ಲಿದ್ದ ಕಾಗದಪತ್ರಗಳಿಗೆ ಬೀಗ ಹಾಕಿ, 300 ಡಾಲರು ಒತ್ತೆಹಣವನ್ನು ಕೊಟ್ಟರೆ ಬಿಡುವೆನೆಂದಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಔಷಧವು ಎರಡು ತಿಂಗಳ ಮುಂಚೆಯೇ ದೊರೆತಿದ್ದಿತೆಂಬುದನ್ನು ನಾವು ಮರೆಯಕೂಡದು.

ಮೂರನೆಯದು, ವೇಷಧಾರಿಯ ದಾರಿ. ಇದೇ ಈಗ ಎಲ್ಲಕ್ಕಿಂತ ಹೆಚ್ಚಾಗಿ ರೂಢಿಯಲ್ಲಿರುವುದು. ಇಲ್ಲಿ ಕಳ್ಳನು ಬಾಗಿಲನ್ನು ಒಡೆಯುವುದಿಲ್ಲ, ಮನೆಯವರಿಂದಲೇ ತೆಗೆಸುವನು. “ನಾವು ಬ್ಯಾಂಕಿನವರು, ನಿಮ್ಮ ಖಾತೆಯು ಈ ಸಂಜೆಗೆ ನಿಂತುಹೋಗುವುದು” ಎಂಬ ಕರೆ, “ನಿಮ್ಮ ಯಂತ್ರದಲ್ಲಿ ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ” ಎಂಬ ಎಚ್ಚರಿಕೆ, ಮದುವೆಯ ಕರೆಯೋಲೆಯ ರೂಪದಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಕಡತ ಇವೆಲ್ಲ ಆ ವೇಷಗಳು. ಯಂತ್ರವನ್ನು ದೂರದಿಂದಲೇ ನಡೆಸುವುದಕ್ಕೆ ಒಳ್ಳೆಯ ಉದ್ದೇಶದಿಂದ ಮಾಡಿದ ಸಾಧನಗಳೂ ಉಂಟು. ವಂಚಕರು ಅವುಗಳನ್ನು ಜನರ ಯಂತ್ರಗಳಲ್ಲಿ ಹಾಕಿಸಿ ಹಣವನ್ನು ಲಪಟಾಯಿಸುತ್ತಿರುವರೆಂದು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತು.

ವೇಷಧಾರಿಯನ್ನು ಗುರುತಿಸುವುದು ಹೇಗೆ? ಸಂಗೀತವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ರಾಗವೊಂದನ್ನು ನೂರು ಸಾರಿ ಕೇಳಿದ ಕಿವಿಗೆ ಅನ್ಯಸ್ವರವೊಂದು ಬಿದ್ದ ಕೂಡಲೆ ಚುಚ್ಚುವಂತೆ, ಬ್ಯಾಂಕಿನ ನಿಜವಾದ ವಿಳಾಸವನ್ನು ಚೆನ್ನಾಗಿ ಬಲ್ಲವರಿಗೆ ಒಂದಕ್ಷರವು ಹೆಚ್ಚುಕಡಮೆಯಾದ ಸುಳ್ಳು ವಿಳಾಸವು ಕಣ್ಣಿಗೆ ಹೊಡೆಯುವುದು. ಇಷ್ಟೇ ಅಲ್ಲ, ಅವಸರ, ಭಯ, ಆಶೆ ಈ ಮೂರರಲ್ಲಿ ಒಂದನ್ನಾದರೂ ಹುಟ್ಟಿಸದ ವಂಚನೆಯ ಪತ್ರವು ಬಹಳ ಅಪರೂಪ. ಯಾರಾದರೂ ನಮ್ಮನ್ನು ಅವಸರಪಡಿಸಿದರೆ, ಅದೇ ನಿಧಾನಿಸಬೇಕಾದ ಗಳಿಗೆಯೆಂದು ತಿಳಿಯಬೇಕು.

ನಾಲ್ಕನೆಯದು, ಕೈಯಿಂದ ಕೈಗೆ ಹೋಗುವ ಪೆನ್‌ಡ್ರೈವಿನ ದಾರಿ. ಮಗಳ ಅಂಕಪಟ್ಟಿಯನ್ನೋ ಪಹಣಿಯನ್ನೋ ಅಚ್ಚು ಮಾಡಿಸುವುದಕ್ಕೆ ಪೇಟೆಯ ಅಂಗಡಿಗೆ ಪೆನ್‌ಡ್ರೈವನ್ನು ಒಯ್ಯುವೆವು. ದಿನಕ್ಕೆ ನೂರು ಜನರು ತಮ್ಮ ತಮ್ಮ ಪೆನ್‌ಡ್ರೈವುಗಳನ್ನು ತಂದು ಆ ಒಂದೇ ಯಂತ್ರಕ್ಕೆ ಚುಚ್ಚುವರು. ಅಲ್ಲಿಂದ ಸೋಂಕು ಮನೆಗೆ ಬರುವುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬುದು ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನೇ ಕೆಡಿಸಿತು. ಅದು ಪೆನ್‌ಡ್ರೈವುಗಳ ಮೂಲಕ ಹರಡಬಲ್ಲ ಮಾಲ್‌ವೇರಾಗಿದ್ದಿತೆಂಬುದು ಗಮನಿಸತಕ್ಕ ಸಂಗತಿ.

5. ಗುಪ್ತಪದದ ಗಣಿತ

ಗುಪ್ತಪದವು ಉದ್ದವಾಗಿರಬೇಕೆಂದು ಎಲ್ಲರೂ ಹೇಳುವರು. ಏತಕ್ಕೆಂದು ಗಣಿತದಿಂದ ತೋರಿಸುವೆವು. ಇಂಗ್ಲಿಷಿನ 26 ಸಣ್ಣ ಅಕ್ಷರಗಳನ್ನು ಮಾತ್ರ ಬಳಸಿದರೆ, 8 ಅಕ್ಷರಗಳ ಗುಪ್ತಪದಗಳು ಒಟ್ಟು ಸುಮಾರು 20,883 ಕೋಟಿಯಾಗುವುವು. ಇದು ಬಹಳವೆಂದು ತೋರಬಹುದು. ಆದರೆ ಸೆಕೆಂಡಿಗೆ 100 ಕೋಟಿ ಪದಗಳನ್ನು ಪರೀಕ್ಷಿಸುವ ಯಂತ್ರವೊಂದಿದ್ದರೆ, ಅಷ್ಟನ್ನೂ ನೋಡಿ ಮುಗಿಸುವುದಕ್ಕೆ ಸುಮಾರು ಮೂರೂವರೆ ನಿಮಿಷ ಸಾಕು. ಪದವನ್ನು 12 ಅಕ್ಷರಕ್ಕೆ ಬೆಳೆಸಿದರೆ ಅದೇ ಯಂತ್ರಕ್ಕೆ ಸುಮಾರು 3 ವರ್ಷ ಹಿಡಿಯುವುದು. 16 ಅಕ್ಷರವಾದರೆ ಸುಮಾರು 13 ಲಕ್ಷ 80 ಸಾವಿರ ವರ್ಷಗಳಾಗುವುವು. ನಾಲ್ಕು ನಾಲ್ಕು ಅಕ್ಷರಗಳನ್ನು ಕೂಡಿಸಿದಷ್ಟಕ್ಕೇ ಇಷ್ಟು ಅಂತರವುಂಟಾಗುವುದು.

ಆದರೆ ಈ ಲೆಕ್ಕವು ಸಿಕ್ಕಾಬಿಟ್ಟಿಯಾಗಿ ಆರಿಸಿದ ಅಕ್ಷರಗಳಿಗೆ ಮಾತ್ರ ಸಲ್ಲುವುದು. ಮಗುವಿನ ಹೆಸರು, ಹುಟ್ಟಿದ ವರ್ಷ, ಮನೆದೇವರ ಹೆಸರು, 123 ಎಂಬ ಅಂಕಿ ಇವುಗಳನ್ನು ಕಳ್ಳನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವನು. ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಜೋಡಿಸುವುದು ಒಳ್ಳೆಯ ಉಪಾಯ. ಒರಳು, ರೈಲು, ಹುಣಿಸೆ, ಛತ್ರಿ, ಬುಧವಾರ ಎಂಬಂತೆ ಐದು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಾಗಿ ಬರೆದರೆ, ಮನುಷ್ಯನಿಗೆ ನೆನಪಿನಲ್ಲಿಡುವುದು ಸುಲಭ, ಯಂತ್ರಕ್ಕೆ ಊಹಿಸುವುದು ಕಷ್ಟ. ಇಲ್ಲಿ ಅಚ್ಚಾದ ಮಾತುಗಳನ್ನೇ ಯಾರೂ ಇಟ್ಟುಕೊಳ್ಳಬಾರದೆಂಬುದು ಸ್ಪಷ್ಟವೇ.

6. ಮನೆಯಲ್ಲಿ ಮಾಡತಕ್ಕ ಎಂಟು ಕೆಲಸಗಳು

(1) ಮೋಡೆಮಿನ ಗುಪ್ತಪದವನ್ನು ಬದಲಾಯಿಸತಕ್ಕದ್ದು. ಮೋಡೆಮಿಗೆ ಎರಡು ಗುಪ್ತಪದಗಳುಂಟು: ಒಂದು ವೈಫೈಗೆ ಸೇರುವುದಕ್ಕೆ, ಇನ್ನೊಂದು ಪೆಟ್ಟಿಗೆಯ ಏರ್ಪಾಡುಗಳನ್ನು ತಿದ್ದುವುದಕ್ಕೆ. ಎರಡನೆಯದನ್ನೇ ಎಲ್ಲರೂ ಮರೆಯುವರು. ವೈಫೈಗೆ ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಎಂಬ ಕಾವಲನ್ನೇ ಆರಿಸಬೇಕು. ಕಂಪನಿಯ ಆಳು ಮನೆಗೆ ಬಂದಾಗ ಎದುರಿಗೇ ಈ ಕೆಲಸವನ್ನು ಮಾಡಿಸಿ, ಹೊಸ ಪದವನ್ನು ತಾವೇ ಟೈಪು ಮಾಡುವುದು ಲೇಸು.

(2) ಅಪ್‌ಡೇಟ್ ಬಂದಾಗ ‘ನಾಳೆ’ ಎನ್ನಬಾರದು. ಹಳೆಯ ಯಂತ್ರಗಳ ವಿಷಯದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಕಂಪನಿಯು ಸಾಮಾನ್ಯವಾದ ಪೋಷಣೆಯನ್ನು ನಿಲ್ಲಿಸಿದೆ. ಅಂಥ ಯಂತ್ರವು ಓಡುವುದು ನಿಜ. ಆದರೆ ಬಿರುಕುಬಿಟ್ಟರೆ ತೇಪೆ ಹಾಕುವವರು ಇರುವುದಿಲ್ಲ. ಯಂತ್ರವು ತಾಳುವಂತಿದ್ದರೆ ವಿಂಡೋಸ್ 11ನ್ನು ಹಾಕಿಸಬೇಕು. ತಾಳದಿದ್ದರೆ ಉಚಿತವಾಗಿ ದೊರೆಯುವ ಉಬುಂಟುವಿನಂಥದನ್ನು ಹಾಕಿಸಬಹುದು. ಎರಡೂ ಆಗದಿದ್ದರೆ ಅದರಲ್ಲಿ ಬ್ಯಾಂಕಿನ ವ್ಯವಹಾರವನ್ನಾದರೂ ನಿಲ್ಲಿಸಬೇಕು.

(3) ಕಾವಲುಗಾರನನ್ನು ಮಲಗಿಸಬಾರದು. ವಿಂಡೋಸಿನೊಡನೆಯೇ ವೈರಸ್ ನಿರೋಧಕವೂ, ಬರುವುದು ಹೋಗುವುದನ್ನು ತಡೆದು ನೋಡುವ ಫೈರ್‌ವಾಲ್ ಎಂಬುದೂ ಉಚಿತವಾಗಿ ಬರುವುವು. ಪುಕ್ಕಟೆ ಸಿನಿಮಾ, ಪುಕ್ಕಟೆ ಆಟಗಳ ಆಶೆಗೆ ಇವುಗಳನ್ನು ಆರಿಸಿಬಿಡುವ ಹುಡುಗರುಂಟು, ಹುಷಾರಾಗಿರಬೇಕು.

(4) ನಿತ್ಯದ ಕೆಲಸಕ್ಕೆ ಬೇರೆ ಖಾತೆಯನ್ನು ಇಟ್ಟುಕೊಳ್ಳಬೇಕು. ಯಂತ್ರದ ಸರ್ವಾಧಿಕಾರವುಳ್ಳ ಖಾತೆಯಲ್ಲಿಯೇ ದಿನವೂ ಕೆಲಸ ಮಾಡುವುದೆಂದರೆ, ಕಣಜದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಜಾತ್ರೆಗೆ ಹೋದಂತೆ.

(5) ಇಮ್ಮಡಿ ಬೀಗವನ್ನು ಹಾಕಬೇಕು. ಗುಪ್ತಪದದ ಜೊತೆಗೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವ ಏರ್ಪಾಡು ಇ-ಮೇಲಿಗೂ ವಾಟ್ಸ್‌ಆ್ಯಪ್‌ಗೂ ಉಂಟು. ಇ-ಮೇಲಿಗೆ ಇದು ಅತ್ಯಗತ್ಯ. ಏತಕ್ಕೆಂದರೆ ಉಳಿದ ಎಲ್ಲ ಗುಪ್ತಪದಗಳನ್ನು ಬದಲಾಯಿಸುವ ಪತ್ರವು ಬರುವುದು ಅಲ್ಲಿಗೇ. ಆ ಸಂಖ್ಯೆಯನ್ನು ಕೇಳುವವರು ಯಾರೇ ಆಗಿರಲಿ, ಹೇಳಕೂಡದು. ನಿಜವಾದ ಬ್ಯಾಂಕಿನವರು ಅದನ್ನು ಕೇಳುವುದಿಲ್ಲ.

(6) ಪ್ರತಿಗಳನ್ನು ಮಾಡಿಡಬೇಕು. ಬೇಕಾದ ಕಾಗದಪತ್ರಗಳಿಗೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ, ಇದು ನಿಯಮ. ಪ್ರತಿಯನ್ನು ಮಾಡಿದ ಮೇಲೆ ಆ ಡಿಸ್ಕನ್ನು ಯಂತ್ರದಿಂದ ತೆಗೆದು ಬೀರುವಿನಲ್ಲಿಡಬೇಕು. ಒತ್ತೆಹಣದ ಮಾಲ್‌ವೇರು ಯಂತ್ರಕ್ಕೆ ಸೇರಿರುವ ಡಿಸ್ಕುಗಳಿಗೂ ಬೀಗ ಹಾಕುವುದು. ಅಜ್ಜನ ಧ್ವನಿಯು ಬೀರುವಿನಲ್ಲೊಂದು, ಬೆಂಗಳೂರಿನ ಮಗಳ ಮನೆಯಲ್ಲೊಂದು ಪ್ರತಿಯಾಗಿದ್ದರೆ, ಯಾವ ಕಳ್ಳನೂ ಅದಕ್ಕೆ ಬೆಲೆ ಕಟ್ಟಲಾರನು.

(7) ಪೇಟೆಗೆ ಹೋಗುವ ಪೆನ್‌ಡ್ರೈವು ಬೇರೆ, ಮನೆಯ ಪೆನ್‌ಡ್ರೈವು ಬೇರೆ ಆಗಿರತಕ್ಕದ್ದು. ಪೇಟೆಯದರಲ್ಲಿ ಅಚ್ಚು ಮಾಡಿಸಬೇಕಾದ ಒಂದು ಕಡತದ ಹೊರತು ಬೇರೇನನ್ನೂ ಇಡಬಾರದು. ಮನೆಗೆ ಬಂದೊಡನೆ ವೈರಸ್ ನಿರೋಧಕದಿಂದ ಪರೀಕ್ಷಿಸಬೇಕು.

(8) ಮನೆಯವರೆಲ್ಲರೂ ಕೂಡಿ ಒಂದು ಕುಟುಂಬದ ಮಾತನ್ನು ಗೊತ್ತುಮಾಡಿಕೊಳ್ಳಬೇಕು. ಮಗಳ ಧ್ವನಿಯಂತೆಯೇ ಧ್ವನಿಯನ್ನು ಅನುಕರಿಸುವ ಯಂತ್ರಗಳು ಈಗ ಬಂದಿವೆ. “ಅಮ್ಮಾ, ಅಪಾಯದಲ್ಲಿದ್ದೇನೆ, ಹಣ ಕಳುಹಿಸು” ಎಂಬ ಕರೆ ಬಂದರೆ, ಮೊದಲು ಆ ಮಾತನ್ನು ಕೇಳಬೇಕು. ಅಥವಾ ಕರೆಯನ್ನು ನಿಲ್ಲಿಸಿ, ಮಗಳ ಸಂಖ್ಯೆಗೆ ತಾವೇ ಕರೆ ಮಾಡಬೇಕು.

ಮೊಬೈಲು ಫೋನೂ ಒಂದು ಗಣಕಯಂತ್ರವೇ ಆದಕಾರಣ ಮೇಲಿನ ಮಾತುಗಳಲ್ಲಿ ಬಹುಭಾಗವು ಅದಕ್ಕೂ ಸಲ್ಲುವುದು.

7. ಕಳ್ಳನು ಹೊಕ್ಕನೆಂದು ಸಂಶಯವಾದರೆ

ಗೊತ್ತಿಲ್ಲದ ಕಿಟಕಿಗಳು ತಾವಾಗಿಯೇ ತೆರೆಯುವುದು, ತಾವು ಬರೆಯದ ಪತ್ರವು ತಮ್ಮ ಹೆಸರಿನಲ್ಲಿ ಸ್ನೇಹಿತರಿಗೆ ಹೋಗುವುದು, ಗುಪ್ತಪದವು ಒಮ್ಮೆಲೇ ಒಪ್ಪದಿರುವುದು ಇವು ಲಕ್ಷಣಗಳು. ಆಗ ಗಾಬರಿಪಡದೆ ಕ್ರಮವಾಗಿ ನಡೆಯಬೇಕು. ಮೊದಲು ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಬೇಕು. ಎರಡನೆಯದಾಗಿ, ಸೋಂಕಿಲ್ಲದ ಬೇರೆ ಯಂತ್ರದಿಂದ ಗುಪ್ತಪದಗಳನ್ನು ಬದಲಾಯಿಸಬೇಕು. ಇ-ಮೇಲು ಮೊದಲು, ಬ್ಯಾಂಕು ತರುವಾಯ. ಹಣವು ಹೋಗಿದ್ದರೆ, ಇವೆಲ್ಲಕ್ಕೂ ಮುಂಚೆ ಬ್ಯಾಂಕಿಗೂ, ರಾಷ್ಟ್ರೀಯ ಸಹಾಯವಾಣಿಯಾದ 1930ಕ್ಕೂ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ಅದನ್ನು ಹಿಡಿದು ನಿಲ್ಲಿಸಬಹುದಾದ್ದರಿಂದ ಇಲ್ಲಿ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಪರದೆಯ ಚಿತ್ರಗಳನ್ನೂ ಸಂದೇಶಗಳನ್ನೂ ಅಳಿಸದೆ ಸಾಕ್ಷ್ಯವಾಗಿಡಬೇಕು.

ಗ್ರಾಹಕನ ತಪ್ಪಿಲ್ಲದೆ ಮೂರನೆಯವರ ಮೂಲಕ ಹಣವು ಹೋಗಿ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟವು ಗ್ರಾಹಕನದಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ವಿಧಿಸಿತು. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ, ದೂರು ಕೊಡುವ ತನಕದ ನಷ್ಟವು ಗ್ರಾಹಕನದೇ. ಆಗಲೂ ಬೇಗನೆ ದೂರು ಕೊಟ್ಟಷ್ಟೂ ಲಾಭವೇ.

ಕಾನೂನು ಕೈಕಟ್ಟಿ ಕುಳಿತಿಲ್ಲ. ಭಾರತದ ಮೊದಲನೆಯ ಸೈಬರ್ ಅಪರಾಧ ಪೊಲೀಸ್ ಠಾಣೆಯು 2001ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನ ಪ್ರಕಾರ, ಅಪ್ರಾಮಾಣಿಕತೆಯಿಂದ ಪರರ ಯಂತ್ರವನ್ನು ಹೊಕ್ಕವನಿಗೆ 3 ವರ್ಷಗಳ ತನಕ ಸೆರೆವಾಸ, 5 ಲಕ್ಷ ರೂಪಾಯಿಯ ತನಕ ಜುಲ್ಮಾನೆ, ಇಲ್ಲವೆ ಎರಡೂ ಆಗಬಹುದು.

8. ಹೆಣ್ಣುಮಕ್ಕಳನ್ನು ಕುರಿತು ಪೋಷಕರಿಗೆ ಒಂದು ಮಾತು

ಈ ಪಾಠದಲ್ಲಿ ಅತ್ಯಂತ ಮುಖ್ಯವಾದುದನ್ನು ಕೊನೆಗೆ ಇರಿಸಿಕೊಂಡಿದ್ದೇವೆ. ಹುಡುಗಿಯೊಬ್ಬಳ ಖಾತೆಯನ್ನು ಯಾರೋ ಮುರಿದು, ಅವಳ ಚಿತ್ರಗಳನ್ನು ಕದ್ದು, ಹೆದರಿಸುವರೆಂದು ಇಟ್ಟುಕೊಳ್ಳೋಣ. ಆಗ ಅವಳು ಮೊದಲು ಹೆದರುವುದು ಕಳ್ಳನಿಗಲ್ಲ, ಮನೆಯವರಿಗೆ. “ನಿನಗೆ ಮೊಬೈಲು ಕೊಡಿಸಿದ್ದೇ ತಪ್ಪಾಯಿತು” ಎಂಬ ಮಾತು ಬರುವುದೆಂದು ಅವಳು ಬಲ್ಲಳು. ಆದ್ದರಿಂದ ಬಾಯಿ ಬಿಡಳು. ಈ ಮೌನವೇ ದುಷ್ಟನ ಬಲ. ಅವನ ಕೈಯಲ್ಲಿ ಬೇರೆ ಬಲವಿಲ್ಲ. ಅವನು ಕೇಳಿದ ಹಣವನ್ನು ಕೊಟ್ಟರೆ ಬೇಡಿಕೆಯು ನಿಲ್ಲುವುದಿಲ್ಲ, ಬೆಳೆಯುವುದು.

ಕಳ್ಳತನವಾದಾಗ ಮನೆಯವರು ಕಳ್ಳನನ್ನು ಹುಡುಕುವರೇ ಹೊರತು, ಮನೆಯಲ್ಲಿ ಮಲಗಿದ್ದವರನ್ನು ದಂಡಿಸುವುದಿಲ್ಲ. ಇಲ್ಲಿ ಮಾತ್ರ ಏತಕ್ಕೆ ಬೇರೆ ನ್ಯಾಯ? ಯಂತ್ರವನ್ನು ಕಿತ್ತುಕೊಳ್ಳುವುದರಿಂದ ಕಳ್ಳನಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಹುಡುಗಿಯ ವಿದ್ಯೆಗೆ ಮಾತ್ರ ಶಿಕ್ಷೆಯಾಗುವುದು. ಬಾವಿಗೆ ಕಸ ಬಿದ್ದಿತೆಂದು ಬಾವಿಯನ್ನೇ ಮುಚ್ಚುವವರುಂಟೇ? ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸುವುದಕ್ಕೂ ಹಿಂದೊಮ್ಮೆ ಇಂಥವೇ ಭಯಗಳನ್ನು ಹೇಳುತ್ತಿದ್ದರು. ಆ ಭಯಕ್ಕೆ ತಲೆಬಾಗಿದ್ದರೆ ನಮ್ಮಂಥ ಶಾಲೆಗಳು ಇರುತ್ತಿರಲಿಲ್ಲ, ಈ ಸಂಚಿಕೆಯನ್ನು ಓದುವ ತಾಯಂದಿರೂ ಇರುತ್ತಿರಲಿಲ್ಲ.

ಆದಕಾರಣ ಪೋಷಕ ಮಹಾಶಯರು ಇಂದೇ, ಏನೂ ನಡೆಯುವುದಕ್ಕೆ ಮುಂಚೆಯೇ, ಮಗಳಿಗೆ ಹೀಗೆ ಹೇಳಬೇಕು: “ಮಗಳೇ, ಏನಾದರೂ ಆದರೆ ಮೊದಲು ನಮಗೆ ಹೇಳು, ನಿನ್ನನ್ನು ಬೈಯುವುದಿಲ್ಲ, ಫೋನನ್ನು ಕಿತ್ತುಕೊಳ್ಳುವುದಿಲ್ಲ.” ಈ ಒಂದು ವಾಗ್ದಾನವು ಮೇಲೆ ಹೇಳಿದ ಎಂಟು ಕೆಲಸಗಳಿಗಿಂತಲೂ ಬಲವಾದ ಬೀಗ. ಸ್ತ್ರೀಯರಿಗೂ ಮಕ್ಕಳಿಗೂ ಸಂಬಂಧಿಸಿದ ಇಂಥ ಅಪರಾಧಗಳನ್ನು ಹೆಸರು ತಿಳಿಸದೆಯೂ ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿ ವರದಿ ಮಾಡಬಹುದು. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಹಿಡಿಯುವುದೂ ಹರಡುವುದೂ ಅದೇ ಕಾಯಿದೆಯ 66-ಇ ಕಲಮಿನಂತೆ ದಂಡನೀಯ. ಮಕ್ಕಳಿಗೆ 1098, ಸ್ತ್ರೀಯರಿಗೆ 181 ಎಂಬ ಸಹಾಯವಾಣಿಗಳೂ ಇವೆ.

ಇನ್ನೂ ಒಂದು ಮಾತು. ಪ್ರಾಯಕ್ಕೆ ಬಂದ ಅಕ್ಕತಂಗಿಯರ, ಹೆಂಡತಿಯ, ಸೊಸೆಯ ಪತ್ರಗಳನ್ನು ಅವರ ಅಪ್ಪಣೆಯಿಲ್ಲದೆ ತೆರೆದು ನೋಡುವುದೂ ಅನ್ಯಪ್ರವೇಶವೇ. ಹೊರಗಿನವನು ಮಾಡಿದರೆ ಕಳ್ಳತನವಾದದ್ದು, ಮನೆಯವನು ಮಾಡಿದ ಮಾತ್ರಕ್ಕೆ ಸದಾಚಾರವಾಗಲಾರದು.

ಯಂತ್ರದ ಮರ್ಮವನ್ನು ಕೆದಕಿ ನೋಡುವ ಕುತೂಹಲವುಳ್ಳ ಹುಡುಗಿಯು ಯಾವ ಮನೆಯಲ್ಲಾದರೂ ಇದ್ದರೆ, ಅವಳನ್ನು ಗದರಿಸದೆ ಓದಿಸಬೇಕೆಂದು ಕೋರುತ್ತೇವೆ. ಕರ್ನಾಟಕ ಸರ್ಕಾರವು ಸೈಬರ್ ಭದ್ರತೆಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಶ್ರೇಷ್ಠತಾ ಕೇಂದ್ರವೊಂದನ್ನು ನಡೆಸಿದೆ. ಈ ವಿದ್ಯೆಯಲ್ಲಿ ನುರಿತವರು ಇಂದು ಎಲ್ಲೆಲ್ಲಿಯೂ ಬೇಕಾಗಿದ್ದಾರೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ನಿಮ್ಮ ಮನೆಯ ಮೋಡೆಮಿನ ಗುಪ್ತಪದವನ್ನು ಕೊನೆಗೆ ಬದಲಾಯಿಸಿದ್ದು ಯಾವಾಗ?

2. ನಿಮ್ಮ ಯಂತ್ರವು ಈ ರಾತ್ರಿ ಕೆಟ್ಟುಹೋದರೆ, ಮತ್ತೆ ಎಲ್ಲಿಯೂ ದೊರೆಯದ ಯಾವ ವಸ್ತುವು ಅದರೊಡನೆ ಹೋಗುವುದು? ಅದರ ಇನ್ನೊಂದು ಪ್ರತಿಯು ಎಲ್ಲಿದೆ?

3. ನಾಲ್ಕಂಕಿಯ ಸಂಖ್ಯೆಗಳು ಒಟ್ಟು 10,000. ಆರಂಕಿಯವು ಎಷ್ಟು? ಲೆಕ್ಕ ಮಾಡಿರಿ.

4. 1930 ಎಂಬ ಸಂಖ್ಯೆಯನ್ನು ಮನೆಯ ಹಿರಿಯರ ಫೋನಿನಲ್ಲಿ ಬರೆದಿಟ್ಟಿರುವಿರಾ?

5. ನಿಮ್ಮ ಮಗಳಿಗೆ ಮೇಲೆ ಹೇಳಿದ ವಾಗ್ದಾನವನ್ನು ಕೊಟ್ಟಿರುವಿರಾ? ಇಲ್ಲವಾದರೆ, ಇಂದು ಸಂಜೆಯ ಊಟದ ವೇಳೆಯಲ್ಲಿ ಕೊಡಬಹುದು.